ಅಕ್ಷರ ಒಲಿಯದ ಮಕ್ಕಳೂ ನಮ್ಮ ಹೊಣೆಯೂ

ಪ್ರತಿ ವರ್ಷ ಎಸ್.ಎಸ್.ಸಿ. ಪರೀಕ್ಷೆಯ ಫಲಿತಾಂಶ ಹೊರಬೀಳುವುದೇ ತಡ, ನಮ್ಮ ಸಮಾಜಬಾಂಧವರಲ್ಲಿ ಉತ್ಸಾಹದ ಅಲೆಯೊಂದು ಏಳುತ್ತದೆ. ಶೇಕಡಾ 90 ಅಂಕ ಪಡೆದ ಕುಮಾರ, 95 ಪಡೆದ ಕುಮಾರಿ ಇವರ ಭಾವಚಿತ್ರಗಳು ಪತ್ರಿಕೆಗಳಲ್ಲಿ ಮೆರೆಯುತ್ತವೆ. ಸಂಘಸಂಸ್ಥೆಗಳು ಸಭೆ ಕೂಡಿಸಿ, ಶಾಲು ಹೊದಿಸಿ, ಫಲಪುಷ್ಪವಿತ್ತು, ವಿದ್ಯಾರ್ಥಿವೇತನ ಹಂಚುತ್ತವೆ. ಇದು ಯೋಗ್ಯವಾದ ಕೆಲಸವೇ ಸರಿ. ಹಗಲಿರುಳು ದುಡಿದು, ಚಾಳಿನ ಒಂದೇ ಖೋಲಿಯಲ್ಲಿ ಸಂಸಾರ ಹೂಡಿದ ತಂದೆಗೆ ಅಂಥ ದಿನ ಆಗುವ ಧನ್ಯತೆಯನ್ನು ಬಲ್ಲವರೇ ಬಲ್ಲರು. ಆದರೆ ಅದೇ ಚಾಳಿನಲ್ಲಿ, ಎರಡು ಬಾಗಿಲುಗಳ ಆಚೆ, ಆ ದಿನ ಕದ ಮುಂದೆ ಮಾಡಿಕೊಂಡು ಕುಳಿತ ಮನೆಯೊಂದು ಇರುವುದುಂಟು. ಆ ಮನೆಯ ಮಾತನ್ನು ಯಾರೂ ಎತ್ತುವುದಿಲ್ಲ. ನಾವು ಇಂದು ಆ ಮನೆಯ ವಿಷಯವಾಗಿಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಆ ಮನೆಯ ಮಗುವನ್ನು ವಾಚಕರು ಬಲ್ಲರು. ಮಾತಿನಲ್ಲಿ ಚುರುಕು, ಆಟದಲ್ಲಿ ಮುಂದು. ಅಂಗಡಿಗೆ ಕಳುಹಿಸಿದರೆ ಹತ್ತು ಸಾಮಾನುಗಳನ್ನು ಮರೆಯದೆ ತರುತ್ತದೆ. ಒಮ್ಮೆ ಕೇಳಿದ ಕತೆಯನ್ನು ಬಿಡದೆ ಹೇಳುತ್ತದೆ. ಆದರೆ ಪುಸ್ತಕ ಕೈಗಿತ್ತರೆ ಮುಖ ಬಾಡುತ್ತದೆ. ನಿನ್ನೆ ಓದಿದ ಶಬ್ದ ಇಂದು ಹೊಸದಾಗಿ ಕಾಣುತ್ತದೆ. ಒಂದು ಸಾಲು ಓದುವಷ್ಟರಲ್ಲಿ ಬೆವರು. ಬರೆಯ ಹೊರಟರೆ ಒಂದೇ ಶಬ್ದವನ್ನು ಒಂದೇ ಪುಟದಲ್ಲಿ ಮೂರು ವಿಧವಾಗಿ ಬರೆಯುತ್ತದೆ. ಮಾಸ್ತರರು 'ಲಕ್ಷ್ಯವಿಲ್ಲ' ಎಂದು ಷರಾ ಬರೆಯುತ್ತಾರೆ. ತಂದೆ 'ಸೋಮಾರಿ' ಎನ್ನುತ್ತಾನೆ. ನೆರೆಯವರು 'ದಡ್ಡ' ಎನ್ನುತ್ತಾರೆ. ಕೊನೆಗೆ ಮಗುವೂ ಅದನ್ನೇ ನಂಬುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವು ನಗುತ್ತೇವೆ. ಈ ಮಕ್ಕಳ ಪಾಲಿಗೆ ನೆಲ ನಿಜವಾಗಿಯೂ ಡೊಂಕಾಗಿದೆ ಎಂಬುದನ್ನು ಮಾತ್ರ ನೋಡುವುದಿಲ್ಲ.

ಈ ತೊಡಕಿಗೆ ಒಂದು ಹೆಸರುಂಟು. ಅದನ್ನು ಪರೀಕ್ಷಿಸಿ ತಿಳಿಯುವ ಕ್ರಮವುಂಟು. ಅಂಥ ಮಗುವಿಗೆ ನೆರವು ಪಡೆಯುವ ಹಕ್ಕನ್ನು ಕೊಟ್ಟ ಕಾನೂನೂ ಉಂಟು. ಆದರೂ ಆ ನೆರವು ನಮ್ಮವರ ಮನೆ ಮುಟ್ಟುತ್ತಿಲ್ಲ. ಅಡ್ಡ ನಿಂತಿರುವುವು ಮುಖ್ಯವಾಗಿ ಎರಡು: ಒಂದು ನಾಚಿಕೆ, ಇನ್ನೊಂದು ರಜೆ. ಇವೆರಡನ್ನೂ ತೊಲಗಿಸುವುದು ನಮ್ಮ ಕೈಯಲ್ಲೇ ಇದೆ ಎಂಬುದು ನಮ್ಮ ಅಭಿಪ್ರಾಯ.

ಇದು ಎಂಥ ತೊಡಕು?

ಮೊದಲು ಹೆಸರನ್ನು ತಿಳಿಯೋಣ. ಓದುವುದರಲ್ಲಿನ ಈ ತೊಡಕಿಗೆ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಬರೆಯುವುದರಲ್ಲಿ ಕಂಡುಬಂದರೆ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಿ ಕಂಡುಬಂದರೆ ಡಿಸ್‌ಕ್ಯಾಲ್ಕುಲಿಯಾ. ಇವೆಲ್ಲವನ್ನೂ ಒಟ್ಟಾಗಿ 'ಲರ್ನಿಂಗ್ ಡಿಸೆಬಿಲಿಟಿ', ಅಂದರೆ ಕಲಿಕೆಯ ತೊಡಕು ಎಂದು ಕರೆಯುವುದು ರೂಢಿ.

ಇದು ನಿನ್ನೆ ಮೊನ್ನೆ ಹುಟ್ಟಿದ ಪಟ್ಟಣದ ಷೋಕಿಯೆಂದು ಹಿರಿಯರು ಭಾವಿಸುವುದುಂಟು. ಅದು ಸರಿಯಲ್ಲ. ಡಿಸ್ಲೆಕ್ಸಿಯಾ ಎಂಬ ಶಬ್ದವನ್ನು ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ 1887ರಲ್ಲಿಯೇ ಬಳಕೆಗೆ ತಂದಿದ್ದನು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಎಂಬವನು 14 ವರ್ಷದ ಹುಡುಗನೊಬ್ಬನ ವಿಷಯವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ವಿವರಿಸಿದನು. ಆ ಹುಡುಗ ಬುದ್ಧಿವಂತ, ಲೆಕ್ಕದಲ್ಲಿ ಚುರುಕು, ಕಣ್ಣು ನಿರ್ಮಲ. ವರ್ಷಗಟ್ಟಲೆ ಕಲಿಸಿದರೂ ಅವನಿಗೆ ಓದು ಮಾತ್ರ ಹತ್ತಲಿಲ್ಲ. ಪಾಠವೆಲ್ಲವೂ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಈತನೇ ಶಾಲೆಗೆ ಮೇಲಾದ ಹುಡುಗನಾಗುತ್ತಿದ್ದನೆಂದು ಅವನ ಉಪಾಧ್ಯಾಯರು ಅಭಿಪ್ರಾಯಪಟ್ಟಿದ್ದರು. ಈ ಒಂದು ಮಾತಿನಲ್ಲಿ ವಿಷಯದ ತಿರುಳೆಲ್ಲ ಅಡಗಿದೆ. ಕೊರತೆಯಿರುವುದು ಬುದ್ಧಿಯಲ್ಲಲ್ಲ, ಬರೆದ ಗುರುತನ್ನು ಅದರ ಧ್ವನಿಯೊಡನೆ ಥಟ್ಟನೆ ಹೊಂದಿಸುವ ಮೆದುಳಿನ ಕೆಲಸದಲ್ಲಿ. ನಮಗೆ ನಿಮಿಷದಲ್ಲಿ, ಯೋಚಿಸದೆಯೇ ಆಗುವ ಕೆಲಸವನ್ನು ಆ ಮಗು ಪ್ರತಿ ಸಾರಿಯೂ ಕಲ್ಲು ಹೊತ್ತಂತೆ ಮಾಡಬೇಕಾಗುತ್ತದೆ.

ಇದು ಬುದ್ಧಿಮಾಂದ್ಯವಲ್ಲ, ಕಣ್ಣಿನ ದೋಷವಲ್ಲ, ಹಟವೂ ಅಲ್ಲ. ತಾಯಿ ಬಸುರಿಯಲ್ಲಿ ಏನೋ ತಿಂದುದರ ಫಲವೂ ಅಲ್ಲ. ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದದ್ದು, ಕುಟುಂಬಗಳಲ್ಲಿ ಹರಿದುಬರುವಂಥದು. ಮನೋವೈದ್ಯರು ಆಧಾರವಾಗಿಟ್ಟುಕೊಂಡಿರುವ, 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಕೈಪಿಡಿಯ ಪ್ರಕಾರ, ಬೇರೆ ಬೇರೆ ದೇಶಭಾಷೆಗಳ ಶಾಲಾಮಕ್ಕಳಲ್ಲಿ ಶೇಕಡಾ 5ರಿಂದ 15 ಮಂದಿಯಲ್ಲಿ ಓದು, ಬರಹ, ಲೆಕ್ಕ ಇವುಗಳಲ್ಲಿ ಯಾವುದಾದರೊಂದು ತೊಡಕು ಕಾಣುತ್ತದೆ. ಎಂದರೆ 40 ಮಕ್ಕಳ ಒಂದು ತರಗತಿಯಲ್ಲಿ ಕಡಿಮೆಯೆಂದರೂ ಇಬ್ಬರು. ಹೀಗಿರುವಾಗ ನಮ್ಮ ಚಾಳುಗಳಲ್ಲಿ, ನಮ್ಮ ಕುಟುಂಬಗಳಲ್ಲಿ ಅಂಥ ಮಕ್ಕಳಿಲ್ಲವೆನ್ನುವುದು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ಹೋಟೆಲುಗಳಲ್ಲಿ ನಾವು ಕಂಡುದು

ಪತ್ರಿಕೆಗೆ ಕೈಹಾಕುವ ಮೊದಲು ನಾವು ಬಹುಕಾಲ ಹೋಟೆಲಿನ ಗಲ್ಲೆಯ ಮೇಲೆ ಕುಳಿತವರು. ಅಲ್ಲಿ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಐದಾರು ಮೇಜುಗಳ ಗಿರಾಕಿಗಳು ಒಂದೇ ಉಸಿರಿಗೆ ಹೇಳಿದ ಇಡ್ಲಿ, ವಡೆ, ಮಸಾಲೆ, ಅರ್ಧ ಚಹಾ, ಸಕ್ಕರೆಯಿಲ್ಲದ ಕಾಫಿ ಎಲ್ಲವನ್ನೂ ಚೀಟಿ ಬರೆಯದೆ ನೆನಪಿನಲ್ಲಿಟ್ಟು, ಒಂದೂ ತಪ್ಪದಂತೆ ತಂದಿಟ್ಟು, ಲೆಕ್ಕವನ್ನು ಬಾಯಲ್ಲೇ ಕೂಗುವ ಸಪ್ಲಾಯರುಗಳನ್ನು ಯಾರು ಕಂಡಿಲ್ಲ? ಅಂಥವರಲ್ಲಿ ಕೆಲವರಿಗೆ ಊರಿನಿಂದ ಬಂದ ಕಾಗದವನ್ನು ಇನ್ನೊಬ್ಬರು ಓದಿ ಹೇಳಬೇಕಾಗುತ್ತಿತ್ತು. ಶಾಲೆಗೆ ಹೋಗಲಿಲ್ಲವೇ ಎಂದು ಕೇಳಿದರೆ, ಹೋಗಿದ್ದೆ, ತಲೆಗೆ ಹತ್ತಲಿಲ್ಲ, ಅಪ್ಪ ಹೊಡೆದ, ಬೊಂಬಾಯಿಗೆ ಬಂದುಬಿಟ್ಟೆ ಎಂಬ ಉತ್ತರ ಬರುತ್ತಿತ್ತು. ರಾತ್ರಿಶಾಲೆಗಳ ಪುಣ್ಯದಿಂದ ಹಗಲು ಲೋಟ ತೊಳೆದು ಇರುಳು ಓದಿ ಮೇಲೆ ಬಂದವರ ಕತೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ರಾತ್ರಿಶಾಲೆಯ ಬೆಂಚಿನಲ್ಲಿ ಅಷ್ಟೇ ಶ್ರದ್ಧೆಯಿಂದ ಕುಳಿತು, ಅಕ್ಷರ ಒಲಿಯದೆ ಎದ್ದುಹೋದವರ ಕತೆಯನ್ನು ಯಾರೂ ಹೇಳಲಿಲ್ಲ. ಅವರೆಲ್ಲರಿಗೂ ಈ ತೊಡಕೇ ಇತ್ತೆಂದು ನಾವು ಹೇಳಲಾರೆವು. ಬಡತನವೂ ಕಾರಣ, ದಣಿವೂ ಕಾರಣ. ಆದರೆ ಕೆಲವರಿಗಾದರೂ ಇದ್ದಿರಬೇಕು.

ಅಂದು ಓದು ಬಾರದ ಹುಡುಗನಿಗೆ ಹೋಟೆಲಿನ ಅಡುಗೆಮನೆ ಎಂಬ ದಾರಿಯೊಂದಿತ್ತು. ಇಂದು ಹಾಗಿಲ್ಲ, ಇರಲೂ ಕೂಡದು. 2006ರ ಅಕ್ಟೋಬರದಿಂದ 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು ನಿಷಿದ್ಧವಾಯಿತು. 2010ರ ಏಪ್ರಿಲ್ 1ರಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕಾಯಿತು. ಹೀಗೆ ಆ ಹುಡುಗ ಈಗ ಶಾಲೆಯಲ್ಲಿದ್ದಾನೆ. ಆದರೆ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದಾನೆ. ಕೆಳತರಗತಿಗಳನ್ನು ಹೇಗೋ ದಾಟಿ ಒಂಬತ್ತನೆಯದಕ್ಕೆ ಬಂದಾಗ ಕಟ್ಟೆಯೊಡೆಯುತ್ತದೆ. ಶಾಲೆ ಬಿಡಿಸಿದ ಮಗು ಬೀದಿ ಪಾಲಾಗುವ ಭಯ ಈ ಮಹಾನಗರಗಳಲ್ಲಿ ಎಷ್ಟೆಂಬುದನ್ನು ನಾವು ವಿವರಿಸಬೇಕಾದುದಿಲ್ಲ.

ಮೂರು ಲಿಪಿಗಳ ನಡುವೆ

ಹೊರನಾಡಿನ ನಮ್ಮ ಮಕ್ಕಳ ಪಾಡು ಊರಿನ ಮಕ್ಕಳಿಗಿಂತ ಇನ್ನೂ ಜಟಿಲವಾದುದು. ಮನೆಯಲ್ಲಿ ತುಳುವೋ ಕನ್ನಡವೋ ಕೊಂಕಣಿಯೋ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, ಮರಾಠಿ. ಚೆನ್ನೈಯಲ್ಲಾದರೆ ತಮಿಳು, ಹೈದರಾಬಾದಿನಲ್ಲಾದರೆ ತೆಲುಗು. ಆದುದರಿಂದ ಮಗು ಹಿಂದೆ ಬಿದ್ದಾಗ, ಭಾಷೆ ಹೊಸತು, ತಾನೇ ಸರಿಹೋಗುತ್ತದೆ ಎಂದು ತಳ್ಳಿಹಾಕುವುದು ಸುಲಭ. ಕೆಲವು ಮಕ್ಕಳ ವಿಷಯದಲ್ಲಿ ಅದು ನಿಜವೂ ಹೌದು. ಇವೆರಡನ್ನು ಬೇರ್ಪಡಿಸುವುದು ಹೇಗೆ?

ತಜ್ಞರು ಹೇಳುವ ಸ್ಥೂಲವಾದ ಗುರುತು ಇಷ್ಟೆ. ಇಂಗ್ಲಿಷಿನಲ್ಲಿ ಮಾತ್ರ ತಡವರಿಸಿ, ಕನ್ನಡವನ್ನೋ ಮರಾಠಿಯನ್ನೋ ಸಲೀಸಾಗಿ ಓದುವ ಮಗುವಿಗೆ ಬೇಕಾದುದು ಇಂಗ್ಲಿಷಿನ ಅಭ್ಯಾಸ. ಚೆನ್ನಾಗಿ ಮಾತಾಡಬಲ್ಲ ಭಾಷೆಯಲ್ಲಿಯೂ, ಎರಡು ಮೂರು ವರ್ಷ ಸರಿಯಾಗಿ ಕಲಿಸಿದ ಮೇಲೆಯೂ, ಓದು ಕುಂಟುತ್ತಿದ್ದರೆ ಅದು ಪರೀಕ್ಷೆ ಮಾಡಿಸತಕ್ಕ ಲಕ್ಷಣ. ಆತುರವೂ ಸಲ್ಲದು. ಕನ್ನಡದ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ರೂಪಗಳ ಪರಿಚಯ ಪೂರ್ತಿಯಾಗಲು ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುವುದೆಂದು ತೋರಿಸಿದೆ. ಒಂದನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಗಾಬರಿಪಡಬೇಕಾದುದಿಲ್ಲ.

ಲಿಪಿಗಳ ವೈಚಿತ್ರ್ಯವನ್ನು ನೋಡಿರಿ. 'ಧರ್ಮ' ಎಂದು ಬರೆಯುವಾಗ ಅರ್ಕಾವತ್ತನ್ನು 'ಮ'ಕಾರದ ಬಳಿಕ ಬರೆಯುತ್ತೇವೆ, ಆದರೆ ಅದಕ್ಕೆ ಮೊದಲು ಉಚ್ಚರಿಸುತ್ತೇವೆ. ದೇವನಾಗರಿಯಲ್ಲಿ ಹ್ರಸ್ವ ಇಕಾರದ ಗುರುತನ್ನು ವ್ಯಂಜನಕ್ಕೆ ಮುಂಚೆ ಬರೆದು ಆಮೇಲೆ ಓದುತ್ತೇವೆ. ಅಲ್ಲಿಯ 'ಘ'ಕ್ಕೂ 'ಧ'ಕ್ಕೂ, 'ಭ'ಕ್ಕೂ 'ಮ'ಕ್ಕೂ ಕೂದಲೆಳೆಯ ಅಂತರ. ಇಂಗ್ಲಿಷಿನಲ್ಲಂತೂ ಬಿ-ಯು-ಟಿ 'ಬಟ್' ಆದರೆ ಪಿ-ಯು-ಟಿ 'ಪುಟ್' ಆಗುತ್ತದೆ. ಸಹಜವಾಗಿ ಕಲಿಯುವ ಮಗು ಇವೆಲ್ಲವನ್ನು ನುಂಗಿಕೊಂಡು ಮುಂದೆ ಹೋಗುತ್ತದೆ. ತೊಡಕುಳ್ಳ ಮಗುವಿಗೆ ಒಂದೊಂದೂ ಗೋಡೆಯಾಗುತ್ತದೆ. ಅಂಥ ಮೂರು ಗೋಡೆಗಳನ್ನು ನಾವು ಅದರ ಮುಂದೆ ಒಟ್ಟಿಗೆ ನಿಲ್ಲಿಸುತ್ತೇವೆ.

ತೊಡಕು ಇಂಗ್ಲಿಷಿನದು ಮಾತ್ರ ಎಂದು ತಿಳಿಯಬಾರದು. ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಭಾಷಿಕರಲ್ಲಿ ಡಿಸ್ಲೆಕ್ಸಿಯಾ ಉಳ್ಳವರನ್ನು ಹೋಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬರೆದಂತೆಯೇ ಓದುವ ಭಾಷೆಯಾದ ಇಟಾಲಿಯನ್ನಿನವರು ಉಳಿದವರಿಗಿಂತ ಕಡಿಮೆ ತಪ್ಪು ಮಾಡಿದರು. ಆದರೆ ಓದುವಾಗ ಮೂವರ ಮೆದುಳಿನ ಎಡಭಾಗದಲ್ಲಿಯೂ ಒಂದೇ ಬಗೆಯ ಮಾಂದ್ಯ ಕಂಡುಬಂದಿತು. ನಮ್ಮ ದೇಶದಲ್ಲಿ ಬಹುಕಾಲ ಇಂಗ್ಲಿಷಿನ ಪರೀಕ್ಷೆಗಳಿಂದಲೇ ಮಕ್ಕಳನ್ನು ಅಳೆಯಲಾಗುತ್ತಿತ್ತು. 2015ರಲ್ಲಿ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನ ಕೇಂದ್ರವು ಹಿಂದಿ, ಮರಾಠಿ, ಕನ್ನಡ ಮತ್ತು ಇಂಗ್ಲಿಷುಗಳಲ್ಲಿ 'ಡಾಲಿ' ಎಂಬ ಪರೀಕ್ಷಾಸಾಧನವನ್ನು ಹೊರತಂದಿತು. ಮೊದಲ ಸಾಲಿನ ನಾಲ್ಕು ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದೆಂಬುದು ಸಂತೋಷದ ವಿಷಯ.

ಕಾನೂನಿನ ನೆರವು

ಮುಂಬಯಿಯ ವಾಚಕರಿಗೆ ಒಂದು ಅನುಕೂಲವಿದೆ. ಮಹಾರಾಷ್ಟ್ರ ಸರಕಾರವು 1996ರಿಂದಲೇ ಈ ಮಕ್ಕಳಿಗೆ ಪರೀಕ್ಷೆಯ ಸೌಲಭ್ಯಗಳನ್ನು ನೀಡುತ್ತ ಬಂದಿದೆ. ದೇಶಕ್ಕೆಲ್ಲ ಅನ್ವಯಿಸುವಂತೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ಹಿಂದಿನ 1995ರ ಕಾಯಿದೆಯಲ್ಲಿದ್ದ 7 ವಿಧಗಳನ್ನು 21ಕ್ಕೆ ಏರಿಸಿ, ಕಲಿಕೆಯ ತೊಡಕನ್ನೂ ಅವುಗಳಲ್ಲಿ ಸೇರಿಸಿತು. ಅದು ಜಾರಿಗೆ ಬಂದುದು 2017ರ ಏಪ್ರಿಲ್ 19ರಂದು.

ಇದರಿಂದ ಮಗುವಿಗೆ ದೊರೆಯುವುದೇನು? ಪರೀಕ್ಷೆಯಲ್ಲಿ ಪ್ರತಿ ಗಂಟೆಗೆ 20 ನಿಮಿಷದಂತೆ ಹೆಚ್ಚಿನ ವೇಳೆ. ಅವಶ್ಯವಿದ್ದರೆ ಹೇಳಿ ಬರೆಯಿಸಲು ಬರೆಹಗಾರ. ಕಾಗುಣಿತದ ತಪ್ಪುಗಳಿಗೆ ಅಂಕ ಕಳೆಯದಿರುವುದು. ಒಂದು ಭಾಷೆಯಿಂದ ವಿನಾಯಿತಿ. ಬೀಜಗಣಿತ ರೇಖಾಗಣಿತಗಳ ಬದಲು ಕೆಳತರಗತಿಯ ಅಂಕಗಣಿತ. ಇಂಥವು ಸೌಲಭ್ಯಗಳಲ್ಲಿ ಸೇರಿವೆ. ಎಲ್ಲವೂ ಎಲ್ಲರಿಗೂ ಅಲ್ಲ. ಯಾವ ಮಗುವಿಗೆ ಯಾವುದೆಂಬುದು ಅದರ ಪ್ರಮಾಣಪತ್ರವನ್ನೂ ಆಯಾ ಬೋರ್ಡಿನ ನಿಯಮವನ್ನೂ ಅವಲಂಬಿಸಿದೆ. ಕರ್ನಾಟಕದ ಬೋರ್ಡಿನಲ್ಲಿಯೂ, ಕೇಂದ್ರದ ಸಿ.ಬಿ.ಎಸ್.ಇ.ಯಲ್ಲಿಯೂ ಇಂಥ ಏರ್ಪಾಡುಗಳಿವೆ. ತೊಡಕು ಶೇಕಡಾ 40 ಅಥವಾ ಮೇಲ್ಪಟ್ಟಿದ್ದರೆ ಸರಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಅಂಗವಿಕಲರಿಗಾಗಿ ಇಟ್ಟ ಶೇಕಡಾ 5 ಸ್ಥಾನಗಳಿಗೂ ಅವರು ಅರ್ಹರು. 2021ರ ನವೆಂಬರದಲ್ಲಿ ಸುಪ್ರೀಂ ಕೋರ್ಟು, ಡಿಸ್‌ಗ್ರಾಫಿಯಾ ಉಳ್ಳ ವಿದ್ಯಾರ್ಥಿನಿಯೊಬ್ಬಳಿಗೆ ವೈದ್ಯಕೀಯ ಪ್ರವೇಶಪರೀಕ್ಷೆಯಲ್ಲಿ ಹೆಚ್ಚಿನ ವೇಳೆಯನ್ನು ನಿರಾಕರಿಸಿದ್ದು ಅನ್ಯಾಯವೆಂದು ತೀರ್ಪಿತ್ತಿತು. ಇದು ಭಿಕ್ಷೆಯಲ್ಲ, ಹಕ್ಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೆಚ್ಚಿನ ವೇಳೆ ಕೊಡುವುದು ಉಳಿದ ಮಕ್ಕಳಿಗೆ ಅನ್ಯಾಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆದ ಹುಡುಗನು ಮೋಸ ಮಾಡಿದನೆಂದು ಯಾರಾದರೂ ಹೇಳುವರೇ? ಇದೂ ಹಾಗೆಯೇ. ಉತ್ತರವನ್ನು ಮಗುವೇ ಹೇಳಬೇಕು. ಅದನ್ನು ಕಾಗದಕ್ಕಿಳಿಸಲು ಮಾತ್ರ ಅವಕಾಶ ಹೆಚ್ಚು.

ಪ್ರಮಾಣಪತ್ರ ಪಡೆಯುವ ಕ್ರಮವನ್ನು ಹೇಳುತ್ತೇವೆ. ಮುಂಬಯಿಯಲ್ಲಿ ಸಾಯನ್, ಕೆ.ಇ.ಎಂ., ನಾಯರ್ ಈ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಮಗುವಿಗೆ ಎಂಟು ವರ್ಷದ ಆಸುಪಾಸಾದಾಗ, ಎಂದರೆ ಮೂರನೆಯ ತರಗತಿಯ ಹೊತ್ತಿಗೆ, ಪರೀಕ್ಷೆ ಮಾಡಿಸಬಹುದು. ಶಾಲೆಯ ಪತ್ರ, ಪ್ರಗತಿಪತ್ರಗಳು, ಮಗುವಿನ ನೋಟ್‌ಬುಕ್ಕುಗಳು ಜತೆಗಿರಬೇಕು. ಮೊದಲು ಕಣ್ಣು, ಕಿವಿ ನೋಡುತ್ತಾರೆ. ಆಮೇಲೆ ಮಕ್ಕಳ ವೈದ್ಯರು; ಬಳಿಕ ಮನಃಶಾಸ್ತ್ರಜ್ಞರಿಂದ ಬುದ್ಧಿಮಟ್ಟದ ಪರೀಕ್ಷೆ; ಕೊನೆಗೆ ಓದು, ಬರಹ, ಲೆಕ್ಕಗಳ ಪರೀಕ್ಷೆ. ಇದಕ್ಕೆಂದು ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷೆಗಳನ್ನು ಕೇಂದ್ರಸರಕಾರವೂ 2018ರ ಸೂಚನೆಗಳಲ್ಲಿ ಮಾನ್ಯ ಮಾಡಿದೆ. ಹೆಂಡಿರುಮಕ್ಕಳನ್ನು ಊರಿನಲ್ಲಿ ಬಿಟ್ಟು ಇಲ್ಲಿ ದುಡಿಯುವವರು ನಿಮ್ಹಾನ್ಸನ್ನೋ, ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನೋ ವಿಚಾರಿಸಬಹುದು. ಚೆನ್ನೈಯಲ್ಲಿ ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಷನ್, ಮುಂಬಯಿಯಲ್ಲಿ ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ಸಂಸ್ಥೆಗಳು.

ಇವೆಲ್ಲ ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ. ನಾಲ್ಕೈದು ಸಲ ಹೋಗಬೇಕಾಗಬಹುದು, ಸರದಿಯೂ ಉದ್ದ. ಹತ್ತನೆಯ ತರಗತಿಯ ಫಾರ್ಮು ತುಂಬುವ ಹೊತ್ತಿಗೆ ಓಡಿದರೆ ಪ್ರಯೋಜನವಿಲ್ಲ. ಬಾವಿ ತೋಡಬೇಕಾದುದು ಮನೆಗೆ ಬೆಂಕಿ ಬಿದ್ದಾಗ ಅಲ್ಲವಷ್ಟೆ.

ಒಂದು ಸಂಸಾರದ ಸಂಗತಿ

ನಮಗೆ ಪರಿಚಿತರಾದ ಸಪ್ಲಾಯರ್ ಒಬ್ಬರ ಸಂಗತಿಯನ್ನು, ಅವರ ಒಪ್ಪಿಗೆಯಿಂದ, ಹೆಸರು ಹೇಳದೆ ಇಲ್ಲಿ ಬರೆಯುತ್ತೇವೆ. ಅವರ ಮಗ ಆರನೆಯ ತರಗತಿಯಲ್ಲಿದ್ದಾಗ ಶಾಲೆಯವರು ಕರೆದು, ಇವನನ್ನು ಬೇರೆ ಕಡೆ ಸೇರಿಸಿರೆಂದರು. ತಂದೆ ಮೂರು ಟ್ಯೂಷನ್ ಇಟ್ಟರು, ಬೆತ್ತವನ್ನೂ ಹಿಡಿದರು. ಬ್ರಾಹ್ಮೀ ಲೇಹ್ಯ ತಿನ್ನಿಸಿದರು; ಜಾತಕ ತೋರಿಸಿ ಶಾಂತಿ ಮಾಡಿಸಿದರು. ಹಣ ಹೋಯಿತು, ಓದು ಬರಲಿಲ್ಲ. ಹುಡುಗ ಸಂಜೆ ಮನೆಗೆ ಬರುವುದನ್ನೇ ತಡ ಮಾಡತೊಡಗಿದನು. ಕೊನೆಗೆ ಒಬ್ಬ ಶಿಕ್ಷಕಿಯ ಸಲಹೆಯಂತೆ ಮಹಾನಗರಪಾಲಿಕೆಯ ಆಸ್ಪತ್ರೆಗೆ ಹೋಗಬೇಕೆಂದಾಯಿತು. ಆಸ್ಪತ್ರೆಯ ಹೊತ್ತೂ ಹೋಟೆಲಿನ ಬೆಳಗಿನ ಗದ್ದಲದ ಹೊತ್ತೂ ಒಂದೇ. ಮೂರನೆಯ ಸಲ ರಜೆ ಕೇಳಿದಾಗ ಧಣಿ, ಮಗನೋ ಕೆಲಸವೋ ಒಂದನ್ನು ಆರಿಸಿಕೋ ಎಂದರಂತೆ. ಇವರು ಸುಮ್ಮನಾದರು. ಹಾಗೆಯೇ ಎಂಟು ತಿಂಗಳು ಸಂದುಹೋದವು. ಮುಂದೆ ಬೇರೊಂದು ಹೋಟೆಲಿಗೆ ಸೇರಿದ ಬಳಿಕವೇ ಆ ಪರೀಕ್ಷೆಗಳು ಮುಗಿದುವು.

ಫಲಿತಾಂಶವನ್ನು ತಿಳಿಸುವಾಗ ವೈದ್ಯೆಯು, ನಿಮ್ಮ ಮಗನ ಬುದ್ಧಿ ಸಾಮಾನ್ಯಕ್ಕಿಂತ ಒಂದು ಕೈ ಮೇಲೆಯೇ ಇದೆ, ತೊಡಕಿರುವುದು ಓದಿನಲ್ಲಿ ಎಂದರಂತೆ. ಬಳಿಕ, ಮನೆಯಲ್ಲಿ ಇನ್ನಾರಿಗಾದರೂ ಹೀಗಿದೆಯೇ ಎಂದು ಕೇಳಿದರಂತೆ. ಆ ತಂದೆ ಉತ್ತರ ಕೊಡಲಿಲ್ಲ. ಐದನೆಯ ತರಗತಿಗೆ ಊರಿನ ಶಾಲೆ ಬಿಟ್ಟು ಬಂದ ಕಾರಣವನ್ನು ಅವರು ಅದುವರೆಗೆ ಹೆಂಡತಿಗೂ ಹೇಳಿರಲಿಲ್ಲ. ಹುಡುಗ ಹೆಚ್ಚಿನ ವೇಳೆ ಪಡೆದು ಪರೀಕ್ಷೆ ಬರೆದನು. 54 ಅಂಕ ಬಂತು. ಯಾವ ಸಂಘವೂ ಅವನಿಗೆ ಶಾಲು ಹೊದಿಸಲಿಲ್ಲ. ಈಗ ಐ.ಟಿ.ಐ.ಯಲ್ಲಿ ವಿದ್ಯುತ್ ಕೆಲಸ ಕಲಿಯುತ್ತಿದ್ದಾನೆ. ಓದುವುದು ಈಗಲೂ ನಿಧಾನವೇ.

ಮನೆಯಲ್ಲಿ ಮಾಡತಕ್ಕುದು

ಇದಕ್ಕೆ ಔಷಧವಿಲ್ಲ. ಬುದ್ಧಿ ಬೆಳೆಸುವ ಬಾಟಲಿಗಳೆಂದು ಯಾರಾದರೂ ಮಾರಿದರೆ ಹಣ ತೆರಬೇಡಿ. ಇದಕ್ಕಿರುವ ಉಪಾಯ ಕಲಿಸುವ ಕ್ರಮದಲ್ಲಿದೆ. ವಿಶೇಷ ಶಿಕ್ಷಕರು ಧ್ವನಿಯನ್ನೂ ಅಕ್ಷರವನ್ನೂ ಒಂದೊಂದಾಗಿ ಬಿಡಿಸಿ, ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ದುಡಿಸಿ, ಕ್ರಮವಾಗಿ, ಮತ್ತೆ ಮತ್ತೆ ಕಲಿಸುತ್ತಾರೆ. ಅಮೆರಿಕದಲ್ಲಿ ಆರ್ಟನ್ ಎಂಬ ವೈದ್ಯನೂ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿಯೂ 1930ರ ದಶಕದಲ್ಲಿ ಬೆಳೆಸಿದ ಕ್ರಮವಿದು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತ ಬಾಯಲ್ಲಿ ಅದನ್ನು ಕೂಗುತ್ತಿದ್ದ ನಮ್ಮ ಹಳೆಯ ಐಗಳ ಮಠದ ಪದ್ಧತಿಯನ್ನು ನೆನೆದವರಿಗೆ ಇದು ಪೂರ್ತಿ ಹೊಸದೆನಿಸಲಿಕ್ಕಿಲ್ಲ. ಮನೆಯಲ್ಲಿಯೂ ತಟ್ಟೆಯಲ್ಲಿ ಅಕ್ಕಿ ಹರಡಿ ಇದನ್ನು ಮಾಡಬಹುದು. ದಿನಕ್ಕೆ 15-20 ನಿಮಿಷ ಸಾಕು. ಎರಡು ಗಂಟೆ ಕೂರಿಸಿ ಅಳಿಸುವುದು ಬೇಡ.

ಪಾಠವನ್ನು ಅಕ್ಕನೋ ತಾಯಿಯೋ ಗಟ್ಟಿಯಾಗಿ ಓದಿ ಕೇಳಿಸಲಿ. ಓದು ನಿಧಾನವೆಂದು ತಿಳಿವಳಿಕೆಯೂ ನಿಲ್ಲಬೇಕಾದುದಿಲ್ಲ. ಉತ್ತರವನ್ನು ಮೊದಲು ಬಾಯಲ್ಲಿ ಹೇಳಿಸಿ. ತಮ್ಮನೊಡನೆ, ನೆರೆಮನೆಯ ಹುಡುಗಿಯೊಡನೆ ಹೋಲಿಸಬೇಡಿ. ಚಿತ್ರ, ಆಟ, ಯಕ್ಷಗಾನದ ಹೆಜ್ಜೆ, ರಿಪೇರಿ ಕೆಲಸ, ಯಾವುದರಲ್ಲಿ ಕೈಯಿದೆಯೋ ಅದನ್ನು ಕಿತ್ತುಕೊಳ್ಳಬೇಡಿ. ಮಗು ತಾನೂ ಒಂದಕ್ಕೆ ಬಲ್ಲೆನೆಂದು ತಿಳಿಯುವುದು ಅಲ್ಲಿಯೇ. ಹೊಡೆತವನ್ನಂತೂ ಬಿಡಲೇಬೇಕು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣಹಕ್ಕು ಕಾಯಿದೆಯೇ ನಿಷೇಧಿಸಿದೆ. ಮನೆಗೆ ಬೇರೆ ನ್ಯಾಯವೇ? 'ತಾರೇ ಜಮೀನ್ ಪರ್' ಚಿತ್ರ 2007ರಲ್ಲಿ ತೆರೆಗೆ ಬಂದಾಗ ಥಿಯೇಟರಿನಲ್ಲಿ ಕಣ್ಣೊರೆಸಿಕೊಂಡ ತಂದೆಯರು ಹಲವರು. ಮನೆಗೆ ಬಂದು ಪ್ರಗತಿಪತ್ರ ನೋಡಿ ಕೈಯೆತ್ತಿದವರೂ ಅವರಲ್ಲಿದ್ದಿರಬೇಕು.

ಇನ್ನು ನಾಚಿಕೆಯ ಮಾತು. ಪ್ರಮಾಣಪತ್ರ ತಂದರೆ ಹುಡುಗಿಗೆ ಮದುವೆಯಾಗದು, ಹುಡುಗನಿಗೆ 'ಅಂಗವಿಕಲ'ನೆಂಬ ಮುದ್ರೆ ಬೀಳುವುದು ಎಂದು ಹೆದರುವವರಿದ್ದಾರೆ. ಮುದ್ರೆ ಆಗಲೇ ಬಿದ್ದಿದೆ ಎಂಬುದನ್ನು ಅವರು ಮರೆಯುತ್ತಾರೆ. 'ದಡ್ಡ' ಎಂಬುದು ಸರಕಾರದ ಯಾವ ಕಾಗದಕ್ಕಿಂತಲೂ ಕೆಟ್ಟ ಮುದ್ರೆ. ಅದನ್ನು ಅಳಿಸಲು ಈ ಕಾಗದದಿಂದ ಸಾಧ್ಯ.

ಧಣಿಗಳಲ್ಲಿ, ಗುಮಾಸ್ತರಲ್ಲಿ, ಸಂಘಗಳಲ್ಲಿ ನಮ್ಮ ಅರಿಕೆ

ಹೋಟೆಲು ಮಾಲೀಕರಲ್ಲಿ ನಮ್ಮದು ಒಂದೇ ಕೋರಿಕೆ. ಮಗುವಿನ ಪರೀಕ್ಷೆಗೆಂದು ರಜೆ ಕೇಳಿದ ಕೆಲಸಗಾರನಿಗೆ, ವರ್ಷದಲ್ಲಿ ಐದು ದಿನ, ಸಂಬಳ ಕಡಿಯದೆ ರಜೆ ಕೊಡಿ. ಆ ಉದ್ಯಮದ ಸುಖದುಃಖ ನಮಗೆ ಗೊತ್ತು. ಬೆಳಗಿನ ಎಂಟಕ್ಕೆ ಒಬ್ಬ ಸಪ್ಲಾಯರ್ ಇಲ್ಲದಿದ್ದರೆ ಏನಾಗುವುದೆಂಬುದೂ ಗೊತ್ತು. ಆದರೂ ಹೋಟೆಲು ಮುಳುಗದು. ಐದು ದಿನ ಸಿಗದಿದ್ದರೆ ಒಂದು ಮಗುವಿನ ಓದು ಮುಳುಗಬಹುದು.

ಆಫೀಸುಗಳಲ್ಲಿ ದುಡಿಯುವ ಗುಮಾಸ್ತ ಬಂಧುಗಳಿಗೆ ಕಾಗದಪತ್ರಗಳ ಕೆಲಸ ಕರತಲಾಮಲಕ. ಅಂಗವಿಕಲರ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿಯನ್ನು ಅಂತರ್ಜಾಲದ ಮೂಲಕ ಹಾಕಬೇಕು. ಶಾಲೆಗೆ ಪತ್ರ, ಬೋರ್ಡಿಗೆ ಅರ್ಜಿ ಬರೆಯಬೇಕು. ಓದು ತೊಡಕಾಗಿದ್ದ ತಂದೆಯೇ ತನ್ನ ಮಗನಿಗಾಗಿ ಇಷ್ಟೆಲ್ಲ ಫಾರ್ಮುಗಳನ್ನು ತುಂಬಬೇಕಾಗಿ ಬಂದರೆ ಅವನು ಅರ್ಧ ದಾರಿಯಲ್ಲಿಯೇ ಕೈಬಿಡುತ್ತಾನೆ. ವಾರಕ್ಕೊಂದು ಸಂಜೆ ನಿಮ್ಮ ಸಂಘದ ಕೋಣೆಯಲ್ಲಿ ಕುಳಿತು ಅಂಥವರ ಅರ್ಜಿ ತುಂಬಿಕೊಟ್ಟರೆ ಅದಕ್ಕಿಂತ ದೊಡ್ಡ ಕನ್ನಡಸೇವೆ ಬೇರೊಂದಿರದು.

ಸಂಘಗಳು ವಿದ್ಯಾರ್ಥಿವೇತನದ ನಿಧಿಯಲ್ಲಿ ಒಂದು ಪಾಲನ್ನು ವಿಶೇಷ ಶಿಕ್ಷಕರ ಶುಲ್ಕಕ್ಕಾಗಿ ತೆಗೆದಿಡಲಿ. ಖಾಸಗಿಯಾಗಿ ವಾರಕ್ಕೆ ಎರಡು ಮೂರು ಪಾಠ ಕೊಡಿಸುವುದು ಹೋಟೆಲು ಕೆಲಸಗಾರನ ಸಂಬಳಕ್ಕೆ ನಿಲುಕುವ ಮಾತಲ್ಲ. ನಾಲ್ಕು ಮಕ್ಕಳಿಗೆ ಒಟ್ಟಾಗಿ ಒಬ್ಬ ಶಿಕ್ಷಕಿಯನ್ನು ಗೊತ್ತುಮಾಡಿ, ಸಂಘದ ಕೋಣೆಯನ್ನು ಸಂಜೆ ಒಂದು ಗಂಟೆ ತೆರೆದಿಟ್ಟರೆ ಆದೀತು. 95 ಪಡೆದ ಮಗುವಿಗೆ ನಮ್ಮ ಸಹಾಯವಿಲ್ಲದಿದ್ದರೂ ದಾರಿಯುಂಟು. 35ಕ್ಕಾಗಿ ಹೆಣಗುವ ಮಗುವಿಗೆ ನಾವಲ್ಲದೆ ಇನ್ನಾರು?

ಈ ಲೇಖನವನ್ನು ಓದಿದವರಲ್ಲಿ ಯಾರ ಮನೆಯಲ್ಲಾದರೂ ಮೂರು ಅಥವಾ ನಾಲ್ಕನೆಯ ತರಗತಿಯ ಮಗು ಬಲ್ಲ ಭಾಷೆಯನ್ನೇ ಓದಲು ತಿಣುಕುತ್ತಿದ್ದರೆ, ಮುಂದಿನ ವರ್ಷ ನೋಡೋಣವೆನ್ನದೆ ಈ ವಾರವೇ ಶಾಲೆಯ ಪತ್ರ ಪಡೆದು ಆಸ್ಪತ್ರೆಯ ಸರದಿಯಲ್ಲಿ ಹೆಸರು ಬರೆಸಿರಿ. ತಮಗೇ ಓದು ಒಲಿಯದೆ ಹೋದವರಿದ್ದರೆ, ಅವರಿಗಾಗಿ ಇದನ್ನು ಗಟ್ಟಿಯಾಗಿ ಓದಿ ಹೇಳಿರೆಂದು ಉಳಿದವರಲ್ಲಿ ನಮ್ಮ ವಿನಂತಿ.